ಪದ ಬೇಕು (ತುರ್ತು): ದುಡಿಯಲು ಹೊರಬಿಟ್ಟ ಖೈದಿ ‘ಕೆಲಸಕ್ಕೆ’ ಗಾಡಿ ಓಡಿಸಬಹುದೇ?

ಅನುವಾದಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತದೆ, ಆದ್ದರಿಂದ ಪೀಠಿಕೆ ಇಲ್ಲ.

ಸೆರೆಮನೆ ಸುಧಾರಣೆಯ ವಿಶೇಷ ಸಂಚಿಕೆಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೈಲು ನಿಯಮಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ‘ವರ್ಕ್ ರಿಲೀಸ್’ ಎಂಬ ಏರ್ಪಾಡಿದೆ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿರುವವನು ತನ್ನ ಪಾಳಿಯ ಹೊತ್ತಿಗೆ ಹೊರಗೆ ಹೋಗಿ, ಸಂಬಳಕ್ಕೆ ದುಡಿದು, ಪಾಳಿ ಮುಗಿದ ಕೂಡಲೇ ಜೈಲಿಗೆ ಮರಳಬೇಕು. ಹೆನ್ರಿ ಹ್ಯೂಬರ್ ಎಂಬ ಸೆನೆಟರ್ ಹೆಸರಿನ ಕಾನೂನು, 1913ರದು. ಅನುಮತಿ ಕೊಡುವುದು ನ್ಯಾಯಾಲಯ, ನಡೆಸುವುದು ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ.

ನನ್ನ ತೊಡಕು ಎರಡು. ಒಂದು, ಈ ಏರ್ಪಾಡಿಗೆ ಕನ್ನಡದಲ್ಲಿ ಏನೆನ್ನಬೇಕು? ‘ಕೆಲಸದ ಬಿಡುಗಡೆ’ ಎಂದು ಬರೆದರೆ ಕೆಲಸದಿಂದ ತೆಗೆದುಹಾಕಿದರು ಎಂದೇ ಓದಿಕೊಳ್ಳುತ್ತಾರೆ. ‘ದುಡಿಮೆಯ ಬಿಡುವು’ ಎಂದರೆ ಊಟದ ವಿರಾಮ.

ಎರಡನೆಯದು ಹೆಚ್ಚು ಕಾಡುತ್ತಿದೆ. ಖೈದಿ ತನ್ನ ಗಾಡಿಯಲ್ಲಿ ಕೆಲಸದ ಜಾಗಕ್ಕೆ ಹೋಗಿಬರುವುದು ಬೇರೆ, ಗಾಡಿ ಓಡಿಸುವುದನ್ನೇ ಕೆಲಸ ಮಾಡಿಕೊಳ್ಳುವುದು ಬೇರೆ. ನಿಯಮಗಳು ಈ ಎರಡರ ನಡುವೆ ಗೆರೆ ಎಳೆಯುತ್ತವೆ. ಮೊದಲನೆಯದಕ್ಕೆ ಚಾಲನಾ ಪರವಾನಗಿ, ವಿಮೆ, ನೋಂದಣಿ ತೋರಿಸಿದರೆ ಸಾಕು. ಹೋಗುವ ದಾರಿ ನೇರವಾಗಿರಬೇಕು, ನಡುವೆ ಎಲ್ಲಿಯೂ ಇಳಿಯುವಂತಿಲ್ಲ. ಎರಡನೆಯದು ಹಲವು ಕಡೆ ನಿಷಿದ್ಧ, ಅಥವಾ ಮಾಲೀಕ ಹೊತ್ತು-ಗೊತ್ತು ಬರೆದುಕೊಟ್ಟರೆ ಮಾತ್ರ. ಕನ್ನಡದಲ್ಲಿ ‘ಕೆಲಸಕ್ಕೆ ಗಾಡಿ ಓಡಿಸುವುದು’ ಎಂದರೆ ಎರಡೂ ಆಗುತ್ತದೆ. ಒಂದು ವಾಕ್ಯ ಅನುಮತಿ ಕೊಟ್ಟು ಮುಂದಿನದು ಅದನ್ನೇ ನಿಷೇಧಿಸಿದಂತೆ ಕಾಣುತ್ತಿದೆ. ದಯವಿಟ್ಟು ಸಹಾಯ ಮಾಡಿ.

ನಿವೃತ್ತ ಅಧ್ಯಾಪಕ, ಧಾರವಾಡ

ಮೊದಲು ‘ಖೈದಿ’ಯ ಮಹಾಪ್ರಾಣ ತೆಗೆಯಿರಿ. ಮೂಲ ಅರಬ್ಬಿಯ ‘ಕೈದ್’, ಕಟ್ಟು, ಬೇಡಿ ಎಂಬ ಅರ್ಥ, ಅಲ್ಲಿ ಮಹಾಪ್ರಾಣವಿಲ್ಲ. ‘ಕೈದಿ’ ಎಂದೇ ಬರೆಯಬೇಕು. ಇನ್ನು ಹಳಗನ್ನಡ ಓದಿದವರಿಗೆ ‘ಕೈದು’ ಎಂದರೆ ಆಯುಧ. ಆಯುಧ ಕಸಿದುಕೊಂಡವನಿಗೆ ಆಯುಧದ ಹೆಸರೇ ಬಂದು ಕೂತಿರುವುದು ಕನ್ನಡದ ತಮಾಷೆ. ಉಳಿದದ್ದು ನಂತರ ಬರೆಯುತ್ತೇನೆ.

ಪುತ್ತೂರಿನಿಂದ

ಉತ್ತರ ಸರಳವಿದೆ. ‘ಹೊರದುಡಿಮೆ’. ಎರಡೂ ಕನ್ನಡದವೇ, ಸಮಾಸ ಹಗುರ, ಮಕ್ಕಳಿಗೂ ಅರ್ಥವಾಗುತ್ತದೆ. ಅದರ ಜೊತೆಗೆ ‘ಕೈದಿ’, ‘ಖೈದಿ’ ಎರಡನ್ನೂ ಕೈಬಿಟ್ಟು ‘ಸೆರೆಯಾಳು’ ಎನ್ನಿ. ‘ಬಂದೀಖಾನೆ’ಯಂತೂ ಬೇಡವೇ ಬೇಡ: ಮುಂದೆ ಸಂಸ್ಕೃತ, ಹಿಂದೆ ಪಾರಸಿ, ನಡುವೆ ಸಿಕ್ಕಿಬಿದ್ದವನು ಕನ್ನಡಿಗ. ‘ಚಾಲನಾ ಪರವಾನಗಿ’ಯ ಬದಲು ‘ಓಡಿಸುವೊಪ್ಪಿಗೆ’ ಎಂದು ಬಳಸಬಹುದು.

ನಿವೃತ್ತ ಸಾರಿಗೆ ಅಧಿಕಾರಿ, ತುಮಕೂರು

ನನ್ನ ಸೇವಾವಧಿಯಲ್ಲಿ ‘ಓಡಿಸುವೊಪ್ಪಿಗೆ ಕೊಡಿ ಸ್ವಾಮಿ’ ಎಂದು ಕೌಂಟರಿಗೆ ಬಂದವರನ್ನು ಕಂಡಿಲ್ಲ. ಜನ ಡಿಎಲ್ ಎನ್ನುತ್ತಾರೆ, ಕಡತದಲ್ಲಿ ‘ಚಾಲನಾ ಅನುಜ್ಞಾಪತ್ರ’ ಎಂದು ಬರೆಯುತ್ತೇವೆ. ಇನ್ನೊಂದು ಎಚ್ಚರಿಕೆ: ‘ರಹದಾರಿ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ರಹದಾರಿ ಕೊಡುವುದು ವಾಹನಕ್ಕೆ, ಅನುಜ್ಞಾಪತ್ರ ಕೊಡುವುದು ಚಾಲಕನಿಗೆ. ಪತ್ರಿಕೆಗಳು ಇವೆರಡನ್ನೂ ದಿನವೂ ಕಲಸುತ್ತವೆ.

ಮೇಡಂ ಅವರ ಎರಡನೆಯ ಪ್ರಶ್ನೆಗೆ ನಮ್ಮ ಇಲಾಖೆಯಲ್ಲಿ ಉತ್ತರವಿದೆ. 1988ರ ಮೋಟಾರು ವಾಹನ ಕಾಯ್ದೆ ‘ಸಾರಿಗೆ ವಾಹನ’ ಮತ್ತು ‘ಸಾರಿಗೇತರ ವಾಹನ’ ಎಂದು ಭಾಗ ಮಾಡುತ್ತದೆ. ಜನರ ಮಾತಿನಲ್ಲಿ ಹಳದಿ ಬೋರ್ಡು, ಬಿಳಿ ಬೋರ್ಡು. ‘ಖೈದಿಗೆ ಬಿಳಿ ಬೋರ್ಡು ಸರಿ, ಹಳದಿ ಬೋರ್ಡು ಇಲ್ಲ’ ಎಂದರೆ ಮುಗಿಯಿತು.

ಮಿಲ್ವಾಕಿಯಿಂದ

ಸರ್, ಮುಗಿಯುವುದಿಲ್ಲ. ಇಲ್ಲಿನ ಗೆರೆ ಗಾಡಿಯ ಬಣ್ಣದ ಮೇಲಿಲ್ಲ. ನಾನು ಇರುವುದೇ ವಿಸ್ಕಾನ್ಸಿನ್‌ನಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಬ್ಬ ಕೊಳಾಯಿ ಕೆಲಸದವನನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಜೈಲಿನಿಂದ ತನ್ನ ಕಾರಿನಲ್ಲಿ ಅಂಗಡಿಗೆ ಹೋಗುತ್ತಾನೆ. ಇದಕ್ಕೆ ತಕರಾರಿಲ್ಲ. ಅಲ್ಲಿಂದ ಮಾಲೀಕನ ವ್ಯಾನು ಹತ್ತಿ ಮನೆಯಿಂದ ಮನೆಗೆ ಹೋಗುತ್ತಾನೆ. ಅವನು ಚಾಲಕನಲ್ಲ, ವ್ಯಾನು ಬಾಡಿಗೆಯದಲ್ಲ, ಆದರೂ ಜೈಲಿನವರಿಗೆ ತಲೆನೋವು ಶುರುವಾಗುವುದು ಇಲ್ಲೇ. ಹನ್ನೊಂದು ಗಂಟೆಗೆ ಫೋನ್ ಮಾಡಿದರೆ ಅವನು ಯಾವ ಮನೆಯ ಸಿಂಕಿನ ಕೆಳಗಿದ್ದಾನೆ ಎಂದು ಮಾಲೀಕ ಹೇಳಬಲ್ಲನೇ? ಪಿಜ್ಜಾ ಹಂಚುವವನು, ಟ್ಯಾಕ್ಸಿಯವನು, ಸರಕು ಸಾಗಿಸುವವನು ಎಲ್ಲರದೂ ಇದೇ ಕಥೆ. ಗಾಡಿ ಓಡಿಸುತ್ತಾನೆ ಎಂಬುದಕ್ಕಿಂತ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದೇ ಅವರ ಚಿಂತೆ. ನಿಯಮ ಕೌಂಟಿಯಿಂದ ಕೌಂಟಿಗೆ ಬೇರೆ. ಚಿಂತೆ ಮಾತ್ರ ಒಂದೇ.

ಇನ್ನೊಂದು ಸಿಕ್ಕು. ಹ್ಯೂಬರ್ ಕಾನೂನಿನ ಅನುಮತಿ ಪಡೆದವರಲ್ಲಿ ಕುಡಿದು ಗಾಡಿ ಓಡಿಸಿ ಬಂದವರೂ ಇರುತ್ತಾರೆ. ಈ ರಾಜ್ಯದಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ದಂಡ, ಅದು ಅಪರಾಧವೇ ಅಲ್ಲ. ಎರಡನೆಯ ಸಲಕ್ಕೆ ಜೈಲು. ಅಂಥವನ ಪರವಾನಗಿ ರದ್ದಾಗಿರುತ್ತದೆ. ಅವನು ಉದ್ಯೋಗಕ್ಕೆಂದು ಸೀಮಿತವಾದ ಬೇರೊಂದು ಪರವಾನಗಿ ಪಡೆಯಬಹುದು: ದಿನಕ್ಕೆ 12 ಗಂಟೆ, ವಾರಕ್ಕೆ 60 ಗಂಟೆ ಮೀರುವಂತಿಲ್ಲ. ಇದರ ಹೆಸರನ್ನು ‘ವೃತ್ತಿ ಪರವಾನಗಿ’ ಎಂದು ಅನುವಾದಿಸಿದರೆ ಕೆಟ್ಟಿತು. ಓದುಗ ಅವನನ್ನು ವೃತ್ತಿನಿರತ ಚಾಲಕ ಎಂದುಕೊಳ್ಳುತ್ತಾನೆ. ಆದರೆ ಇದನ್ನು ಹಿಡಿದುಕೊಂಡು ಲಾರಿ, ಬಸ್ಸಿನಂಥ ವಾಣಿಜ್ಯ ವಾಹನ ಮುಟ್ಟುವಂತಿಲ್ಲ.

ಅಂದಹಾಗೆ ಇಲ್ಲಿನವರು ‘ವರ್ಕ್ ರಿಲೀಸ್’ ಎನ್ನುವುದಕ್ಕಿಂತ ಹೆಚ್ಚಾಗಿ ‘ಹ್ಯೂಬರ್’ ಎನ್ನುತ್ತಾರೆ. ಹ್ಯೂಬರ್ ಸಿಕ್ಕಿತು, ಹ್ಯೂಬರ್ ಹೋಯಿತು. ಅದನ್ನೇ ಇಟ್ಟುಕೊಳ್ಳಬಾರದೇ?

ಪುತ್ತೂರಿನಿಂದ

ಬಾರದು. ಸೆನೆಟರನ ಹೆಸರನ್ನು ಕನ್ನಡದ ಪದ ಮಾಡಲು ಈ ಗುಂಪೇ ಬೇಕಿರಲಿಲ್ಲ.

ವಕೀಲೆ, ಬೆಂಗಳೂರು

ಪದ ಯಾವುದಾದರೂ ಇರಲಿ, ‘ಬಿಡುಗಡೆ’ ಬೇಡ. ಬಿಡುಗಡೆ ಎಂದರೆ ಸಜೆ ಮುಗಿಯಿತು ಎಂದರ್ಥ. ಇಲ್ಲಿ ಸಜೆ ಓಡುತ್ತಲೇ ಇದೆ. ಅಂಗಡಿಯಲ್ಲಿ ನಿಂತಿದ್ದಾಗಲೂ ಅವನು ಕಾನೂನಿನ ಕಣ್ಣಿನಲ್ಲಿ ಜೈಲಿನಲ್ಲೇ ಇದ್ದಾನೆ. ಹೊತ್ತಿಗೆ ಮರಳದಿದ್ದರೆ ತಡವಾಗಿ ಬಂದ ಎನ್ನುವುದಿಲ್ಲ, ತಪ್ಪಿಸಿಕೊಂಡ ಎನ್ನುತ್ತಾರೆ.

‘ಪೆರೋಲ್’ ಎಂದು ಬರೆಯುವ ಆಸೆಯನ್ನೂ ತಡೆಯಿರಿ, ‘ಫರ್ಲೋ’ (ಸಜೆಯ ನಡುವೆ ಕೊಡುವ ಕೆಲವು ದಿನಗಳ ರಜೆ) ಕೂಡ ಬೇಡ. ಮೂರೂ ಬೇರೆ. 1988ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಡುಕಾಕಿಸ್ ಅವರ ವಿರುದ್ಧ ಖೈದಿಯೊಬ್ಬನ ಪ್ರಕರಣವನ್ನು ಬಳಸಿಕೊಂಡರಲ್ಲ, ಅದು ವಾರಾಂತ್ಯದ ಫರ್ಲೋ. ಕನ್ನಡ ಬರಹಗಳು ಅದನ್ನು ಪೆರೋಲ್ ಮಾಡಿಬಿಡುತ್ತವೆ.

ಹತ್ತಿರದ ಹೋಲಿಕೆ ಬೇಕಿದ್ದರೆ ರಾಜಸ್ಥಾನದ ಸಾಂಗಾನೇರ್ ತೆರೆದ ಜೈಲು ಶಿಬಿರ ನೋಡಿ, 1963ರಿಂದ ನಡೆಯುತ್ತಿದೆ. ಅಲ್ಲಿಯವರು ಬೆಳಿಗ್ಗೆ ಊರೊಳಗೆ ಹೋಗಿ ದುಡಿದು ಸಂಜೆ ಹಾಜರಿಗೆ ಬರುತ್ತಾರೆ, ಹೆಂಡತಿ ಮಕ್ಕಳೂ ಜೊತೆಯಲ್ಲಿರುತ್ತಾರೆ. ನಮ್ಮ ಕೋರಮಂಗಲದ ಬಯಲು ಬಂದೀಖಾನೆಯನ್ನು ಇದಕ್ಕೆ ಹೋಲಿಸಬೇಡಿ. ಅಲ್ಲಿ ಮುಖ್ಯವಾಗಿ ಆವರಣದೊಳಗಿನ ಬೇಸಾಯ. ಈ ಕೋರಮಂಗಲ ದೇವನಹಳ್ಳಿ ತಾಲ್ಲೂಕಿನದು ಎಂದು ಬರೆಯದಿದ್ದರೆ ಸಾಫ್ಟ್‌ವೇರ್ ಕಚೇರಿಗಳ ಮಧ್ಯೆ ರಾಗಿ ಬೆಳೆಯುತ್ತಾರೆಂದು ಓದುಗರು ಬೆರಗಾಗುತ್ತಾರೆ.

ನನ್ನ ಸೂಚನೆ ‘ದುಡಿಮೆ ರಜೆ’. ಇಲಾಖೆಯ ಕಾಗದಗಳಲ್ಲಿ ‘ಪೆರೋಲ್ ರಜೆ’ ಈಗಾಗಲೇ ಇದೆ.

ನಿವೃತ್ತ ಅಧ್ಯಾಪಕ, ಧಾರವಾಡ

ದುಡಿಯುವುದಕ್ಕೆ ರಜೆ! ಇಷ್ಟು ದಿನ ದುಡಿಮೆಯಿಂದ ರಜೆ ಕೇಳುತ್ತಿದ್ದೆವು. ಆದರೆ ವಕೀಲರ ಪರವಾಗಿ ಒಂದು ಮಾತು: ರಜೆಯ ಮೂಲ ಅರಬ್ಬಿಯ ‘ರಿಜಾ’, ಒಪ್ಪಿಗೆ. ಆ ಮೂಲಾರ್ಥ ಹಿಡಿದರೆ ‘ದುಡಿಮೆ ರಜೆ’ ನೂರಕ್ಕೆ ನೂರು ಸರಿ. ಪುತ್ತೂರಿನವರು ಸಿಟ್ಟಾಗುವ ಮೊದಲೇ ಹೇಳಿಬಿಡುತ್ತೇನೆ: ಸಜೆ ಪಾರಸಿ, ಜಾಮೀನು ಅರಬ್ಬಿ, ಜೈಲು ಇಂಗ್ಲಿಷ್. ಇವನ್ನೆಲ್ಲ ಹೊರಗಟ್ಟಿದರೆ ಸೆರೆಮನೆಯಲ್ಲಿ ಗೋಡೆ ಮಾತ್ರ ಉಳಿಯುತ್ತದೆ.

‘ಸೆರೆಯಾಳು’ ಒಳ್ಳೆಯ ಪದ, ಒಪ್ಪುತ್ತೇನೆ. ತಮಿಳಿನ ‘ಸಿಱೈ’, ತೆಲುಗಿನ ‘ಚೆಱ’ ಇದರ ನೆಂಟರು. ನಮ್ಮಲ್ಲಿಯೂ ಹಿಂದೆ ಶಕಟರೇಫವೇ (ಹಳಗನ್ನಡದ ಱ ಅಕ್ಷರ) ಇತ್ತು, ಸೆಱೆ. ಆದರೆ ನಮ್ಮ ಕಡೆ ‘ಸೆರೆ’ ಎಂದರೆ ಹೆಂಡ. ಕುಡಿದು ಗಾಡಿ ಓಡಿಸಿ ಜೈಲಿಗೆ ಬಂದವನ ಬಗ್ಗೆ ‘ಸೆರೆಯಾಳು ಗಾಡಿ ಓಡಿಸಬಹುದು’ ಎಂದು ಅಚ್ಚು ಹಾಕಿದರೆ ಹುಬ್ಬಳ್ಳಿಯ ಓದುಗ ನಕ್ಕು ಪುಟ ಮಗುಚುತ್ತಾನೆ.

ಪುತ್ತೂರಿನಿಂದ

ಒಂದು ಜಿಲ್ಲೆಯ ನಗುವಿಗೆ ಹೆದರಿ ಪದ ಬಿಡುವುದಾದರೆ ನಿಘಂಟನ್ನೇ ಸುಡಬೇಕಾದೀತು. ಮೇಷ್ಟ್ರು ‘ಗೋಡೆ ಮಾತ್ರ’ ಎಂದರು. ಸೆರೆ, ಆಳು, ದುಡಿಮೆ, ಕೂಲಿ, ಬಾಗಿಲು, ಬೀಗ, ಕಾವಲು, ಇವು ಯಾವ ಅರಬ್ಬರು ಕೊಟ್ಟದ್ದು? ಇದ್ದ ಪದವನ್ನು ಬಳಸದೆ ಕೂತು, ಆಮೇಲೆ ಕನ್ನಡದಲ್ಲಿ ಪದವಿಲ್ಲ ಎನ್ನುವುದು ವಿದ್ವಾಂಸರ ಹಳೆಯ ರೋಗ.

ವಕೀಲೆ, ಬೆಂಗಳೂರು

ನ್ಯಾಯಾಲಯದಲ್ಲಿ ‘ಜಾಮೀನು’ ಎಂದಾಗ ಕಕ್ಷಿದಾರನ ತಾಯಿಗೆ ಅರ್ಥವಾಗುತ್ತದೆ. ನನಗೆ ಅಷ್ಟು ಸಾಕು. ಅದರ ಜಾತಿ ಕೇಳಲು ನನಗೆ ಪುರಸೊತ್ತಿಲ್ಲ. ಪುರಸೊತ್ತೂ ಅರಬ್ಬಿ.

ಇನ್ನು ‘ದುಡಿಮೆ’ಯನ್ನು ಎಲ್ಲ ಕಡೆಗೂ ಹಚ್ಚುವ ಮುನ್ನ ಅಮೆರಿಕದ ಅಲಬಾಮಾ ರಾಜ್ಯವನ್ನು ನೆನಪಿಡಿ. ಅಲ್ಲಿಯೂ ಖೈದಿಗಳನ್ನು ಖಾಸಗಿ ಕೆಲಸಗಳಿಗೆ ಹೊರಬಿಡುತ್ತಾರೆ, ಅವರ ಒಟ್ಟು ಗಳಿಕೆಯಲ್ಲಿ ಶೇಕಡಾ 40ರಷ್ಟನ್ನು ರಾಜ್ಯ ಹಿಡಿದುಕೊಳ್ಳುತ್ತದೆ, ಮೇಲೆ ಕೆಲಸಕ್ಕೆ ಕರೆದೊಯ್ಯುವ ವ್ಯಾನಿನ ಶುಲ್ಕ ದಿನಕ್ಕೆ 5 ಡಾಲರ್. ಆ ವ್ಯಾನು ಓಡಿಸುವವನೂ ಖೈದಿಯೇ ಆಗಿರುವುದುಂಟು. ಹೊರಗಿನ ಕಂಪನಿಗೆ ಗಾಡಿ ಓಡಿಸುವುದಕ್ಕೆ ನಂಬಿಕೆ ಸಾಲದು, ಜೊತೆಯ ಖೈದಿಗಳನ್ನು ಹೊತ್ತೊಯ್ಯುವುದಕ್ಕೆ ಸಾಕು. ಇದಕ್ಕೆ ಕನ್ನಡದಲ್ಲಿ ಬಹಳ ಹಳೆಯ ಪದವೊಂದಿದೆ, ‘ಬಿಟ್ಟಿ’.

ನಿವೃತ್ತ ಅಧ್ಯಾಪಕ, ಧಾರವಾಡ

ಬಿಟ್ಟಿ ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಕೂಲಿ ಕೊಡದೆ ಮಾಡಿಸುವ ಕೆಲಸ. ಕಡಿತ ಕಳೆದು ಉಳಿದದ್ದು ಕೈಗೆ ಬಂದರೆ ಅದು ಬಿಟ್ಟಿಯಾಗದು. ಅನ್ಯಾಯವೆನ್ನಿ, ಬಿಟ್ಟಿ ಎನ್ನಬೇಡಿ.

ಇಷ್ಟಕ್ಕೂ ಯಾರೂ ‘ಸಂಬಳ’ದ ಕಡೆ ನೋಡಲಿಲ್ಲ. ಸಂಸ್ಕೃತದ ‘ಶಂಬಲ’, ದಾರಿಬುತ್ತಿ. ಪ್ರಯಾಣಕ್ಕೆ ಕಟ್ಟಿಕೊಂಡ ಅನ್ನ ಮುಂದೆ ತಿಂಗಳ ಹಣವಾಯಿತು. ಗಾಡಿ ಓಡಿಸಿ ಗಳಿಸುವವನ ಹಣಕ್ಕೆ ಇದಕ್ಕಿಂತ ತಕ್ಕ ಪದ ಇನ್ನೊಂದಿಲ್ಲ.

ಪುತ್ತೂರಿನಿಂದ

‘ಕೂಲಿ’ ಇದೆ. ಅಚ್ಚ ದ್ರಾವಿಡ.

ತುಮಕೂರು

ಹೆಣ್ಣುಮಗಳು ಸಂಜೆಯೊಳಗೆ ಪುಟ ಕಳಿಸಬೇಕು ಎಂದಿದ್ದಾರೆ. ನೀವು ಅರಬ್ಬಸ್ಥಾನ, ತಮಿಳುನಾಡು ಸುತ್ತಿ ಬರುತ್ತಿದ್ದೀರಿ. ‘ಕೆಲಸಕ್ಕೆ’ ಎಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಅನುವಾದಕಿ, ಮೈಸೂರು

ಧನ್ಯವಾದ ಸರ್. ಚರ್ಚೆ ಓದುತ್ತಲೇ ಪುಟ ತಿದ್ದಿದ್ದೇನೆ. ಮಾಡಿದ್ದನ್ನು ಹೇಳುತ್ತೇನೆ, ಬಯ್ಯುವವರು ಪುಟ ಅಚ್ಚಾಗುವ ಮುನ್ನ ಬಯ್ಯಬಹುದು.

ಏರ್ಪಾಡಿಗೆ ‘ಹೊರದುಡಿಮೆ’ ಉಳಿಸಿದ್ದೇನೆ. ‘ಹೊರಗುತ್ತಿಗೆ’ಯ ನೆರಳು ಅದರ ಮೇಲೆ ಬೀಳುತ್ತದೆ ಎಂಬ ಅಳುಕು ಇದೆ, ಆದರೆ ಮೊದಲ ಸಲ ಬಂದಾಗ ‘ಸಜೆಯ ನಡುವೆ ಹೊರಗೆ ಹೋಗಿ ದುಡಿದು ಮರಳುವ ಅನುಮತಿ’ ಎಂದು ಬಿಡಿಸಿ ಬರೆದಿದ್ದೇನೆ. ಅಲಬಾಮಾದ ಭಾಗಕ್ಕೂ ಇದೇ ಪದ. ಅಲ್ಲಿನ ಕಡಿತದ ಕಥೆಯನ್ನು ಅಂಕಿಗಳೇ ಹೇಳಲಿ, ಪದದಲ್ಲಿ ತೀರ್ಪು ತುರುಕುವುದು ಅನುವಾದಕಿಯ ಕೆಲಸವಲ್ಲ. ಸ್ಥಳೀಯರ ‘ಹ್ಯೂಬರ್ ಸಿಕ್ಕಿತು’ ಎಂಬ ಮಾತನ್ನು ಒಂದು ಕಡೆ ಹಾಗೆಯೇ ಬಿಟ್ಟಿದ್ದೇನೆ. ‘ಖೈದಿ’ ಮಹಾಪ್ರಾಣದೊಂದಿಗೇ ಇರುತ್ತದೆ, ಓದುಗರ ಕಣ್ಣಿಗೆ ಅದೇ ರೂಢಿ.

‘ಕೆಲಸಕ್ಕೆ’ ಬಗ್ಗೆ. ನಮ್ಮ ಚತುರ್ಥಿ ವಿಭಕ್ತಿಗೆ (‘-ಗೆ’, ‘-ಕ್ಕೆ’) ಮುಟ್ಟುವ ಜಾಗವೂ ಒಂದೇ, ಉದ್ದೇಶವೂ ಒಂದೇ. ‘ಊರಿಗೆ ಹೋದಳು’, ‘ನೀರಿಗೆ ಹೋದಳು’. ಕೊಡ ಕಂಕುಳಲ್ಲಿದ್ದರೆ ಮಾತ್ರ ಗೊಂದಲವಿಲ್ಲ. ನಿಯಮಾವಳಿಯಲ್ಲಿ ಕೊಡ ಕಾಣುವುದಿಲ್ಲವಾದ್ದರಿಂದ ‘ಕೆಲಸಕ್ಕೆ ಗಾಡಿ ಓಡಿಸು’ ಎಂಬುದನ್ನು ಇಡೀ ಲೇಖನದಿಂದ ತೆಗೆದುಹಾಕಿದ್ದೇನೆ. ಅದರ ಜಾಗದಲ್ಲಿ ಮೂರು ವಾಕ್ಯ ಬಂದಿವೆ: ‘ಕೆಲಸದ ಜಾಗಕ್ಕೆ ಹೋಗಿಬರಲು ತಾನೇ ಗಾಡಿ ಓಡಿಸುವುದು’, ‘ಸಂಬಳಕ್ಕೆ ಗಾಡಿ ಓಡಿಸುವುದು’, ಮತ್ತು ಮಿಲ್ವಾಕಿಯ ಕೊಳಾಯಿಯವನ ಸಲುವಾಗಿ ‘ಕೆಲಸದ ನಡುವೆ ಗಾಡಿ ಓಡಿಸುವುದು’. ಮೂಲ ಲೇಖನ ಈ ಮೂರನೆಯದನ್ನು ಎರಡನೆಯದರೊಳಗೆ ಸೇರಿಸಿಬಿಟ್ಟಿತ್ತು. ಸಂಪಾದಕರಿಗೆ ಹೇಳಿ ಬೇರೆ ಮಾಡಿಸಿದ್ದೇನೆ. ಆ 12 ಗಂಟೆಯ ಪರವಾನಗಿಗೆ ‘ಉದ್ಯೋಗ ಮಿತಿಯ ಪರವಾನಗಿ’.

ತುಮಕೂರು

ಅನುಜ್ಞಾಪತ್ರ.

ಮಿಲ್ವಾಕಿಯಿಂದ

ಒಂದು ತಿದ್ದುಪಡಿ, ಇನ್ನೂ ಹೊತ್ತಿದ್ದರೆ. ‘ಉದ್ಯೋಗ ಮಿತಿ’ ಎಂದರೆ ಉದ್ಯೋಗಕ್ಕೆ ಮಾತ್ರ ಎಂದಾಗುತ್ತದೆ. ಅದನ್ನು ಹಿಡಿದು ಮನೆಗೆ ಬೇಕಾದ ದಿನಸಿ ತರಲು, ಶಾಲೆಗೆ ಹೋಗಲು ಅನುಮತಿ ಕೇಳಬಹುದು. ಆದರೆ ಜೈಲಿನಲ್ಲಿರುವವನಿಗೆ ದಿನಸಿಯ ಮಾತೇ ಬರುವುದಿಲ್ಲವಾದ್ದರಿಂದ ನಿಮ್ಮ ಲೇಖನಕ್ಕೆ ಬಾಧಕವಿಲ್ಲ. ಕಳಿಸಿಬಿಡಿ.

ಅನುವಾದಕಿ, ಮೈಸೂರು

‘ಸೀಮಿತ ಪರವಾನಗಿ’ ಮಾಡಿ ಕಳಿಸಿದೆ.

ನಿವೃತ್ತ ಅಧ್ಯಾಪಕ, ಧಾರವಾಡ

ಮಹಾಪ್ರಾಣ ಉಳಿಸಿದ್ದಕ್ಕೆ ನನ್ನ ಆಕ್ಷೇಪವನ್ನು ದಾಖಲಿಸಿ. ಕೂಲಿ ‘ಅಚ್ಚ ದ್ರಾವಿಡ’ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟವರು ಸಂಬಳಕ್ಕೂ ಕೂಲಿಗೂ ಅರ್ಥದಲ್ಲಿರುವ ವ್ಯತ್ಯಾಸವನ್ನು ಮುಟ್ಟಲೇ ಇಲ್ಲ. ದಿನದ ಲೆಕ್ಕ ಒಂದು, ತಿಂಗಳ ಲೆಕ್ಕ ಇನ್ನೊಂದು. ಅದಕ್ಕೆ ಬೇರೆ ವಿಷಯ ತೆರೆಯುತ್ತೇನೆ, ಇಲ್ಲಿ ಉತ್ತರಿಸಬೇಡಿ.

ಪುತ್ತೂರಿನಿಂದ

ತೆರೆಯಿರಿ. ‘ವಿಷಯ’ ಎನ್ನದೆ ತೆರೆಯಿರಿ.