ಸಹಾಯ ಬೇಕು: ಮನೆ ಬಳಕೆಗೆ ಯಾವ ಟಾರ್ಕ್ ವ್ರೆಂಚ್ (ನಟ್-ಬೋಲ್ಟ್ ಅನ್ನು ಬೇಕಾದಷ್ಟೇ ಬಿಗಿ ಮಾಡುವ ಸ್ಪ್ಯಾನರ್) ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಕಾರಿನ ಚಕ್ರ ಬಿಚ್ಚಿ ಹಾಕುವುದು, ಬೈಕಿನ ಆಯಿಲ್, ಸ್ಪಾರ್ಕ್ ಪ್ಲಗ್ ಬದಲಿಸುವುದು ಎಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಕಾರಿನ ವೀಲ್ ನಟ್‌ಗೆ ಸುಮಾರು 100 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬೇಕು. ಬೈಕಿನ ಡ್ರೈನ್ ಬೋಲ್ಟ್‌ಗೆ (ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) 25ರ ಆಸುಪಾಸು ಸಾಕು, ಪ್ಲಗ್‌ಗೆ ಇನ್ನೂ ಕಡಿಮೆ. ಅರ್ಧ ಇಂಚಿನ (ಸಾಕೆಟ್ ಕೂರುವ ಚೌಕ ತುದಿಯ ಅಳತೆ), 40–200 ನ್ಯೂಟನ್ ಮೀಟರ್‌ನ ವ್ರೆಂಚ್ ಬೈಕಿಗೆ ಬರುವುದೇ ಇಲ್ಲ. 3/8 ಇಂಚಿನ 20–110ರದ್ದು ತಗೊಂಡರೆ ಎರಡಕ್ಕೂ ಆಗುತ್ತದಾ? ಅಳತೆಯ ತೀರಾ ಕೆಳತುದಿಯಲ್ಲಿ ನಿಖರತೆ ಕಡಿಮೆ ಅನ್ನುತ್ತಾರೆ, ನನಗಿರುವ ಭಯ ಅದೇ: ಅಲ್ಯೂಮಿನಿಯಂ ಎಂಜಿನ್‌ನ ಥ್ರೆಡ್ ಹೋದರೆ ದೊಡ್ಡ ಖರ್ಚು. ಎರಡು ವ್ರೆಂಚ್ ಕೊಳ್ಳುವುದೇ ಸರಿ ಅನಿಸುತ್ತಿದೆ. ಕ್ಲಿಕ್ ಮಾದರಿ (ಇಟ್ಟಷ್ಟು ಬಿಗಿಯಾದಾಗ ಟಕ್ ಅನ್ನುವಂಥದ್ದು) ಸಾಕಲ್ಲವಾ? ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಲಿಬ್ರೇಷನ್ (ವ್ರೆಂಚ್‌ನ ಅಳತೆ ಸರಿಯಿದೆಯೇ ಎಂದು ನೋಡಿ ಸರಿಪಡಿಸುವುದು) ಎಲ್ಲಿ ಮಾಡಿಕೊಡುತ್ತಾರೆ? ಬಳಸಿದವರು ದಯವಿಟ್ಟು ತಿಳಿಸಿ.