ಓಟ್ಸ್-ಕೊಬ್ಬರಿ ಕುಕೀಸ್ ನಡುವೆ ಮೆತ್ತಗೆ ಬರಬೇಕು, ಹೇಗೆ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಓಟ್ಸ್, ಕೊಬ್ಬರಿ ಹಾಕಿ ಕುಕೀಸ್ ಮಾಡ್ತೀನಿ. ರುಚಿ ಚೆನ್ನಾಗಿದೆ, ಆದರೆ ಆರಿದ ಮೇಲೆ ಕಟುಂ ಅನ್ನುತ್ತವೆ. ನನಗೆ ಅಗಿಯುವ ಹಾಗೆ ಬೇಕು. ಸಾದಾ ಸಕ್ಕರೆ, 180 ಡಿಗ್ರಿ, 18 ನಿಮಿಷ. ಏನು ಬದಲಾಯಿಸಲಿ, ಹೇಳ್ರಿ.

ಉತ್ತರ (ಧಾರವಾಡ):
ಅಕ್ಕಾ, 18 ನಿಮಿಷ ಜಾಸ್ತಿ ಆಯ್ತು. 10ರಿಂದ 12 ನಿಮಿಷಕ್ಕೆ ತೆಗೆದುಬಿಡಿ. ಅಂಚು ಕೆಂಪಗಾಗಿ, ನಡುವೆ ಇನ್ನೂ ಬೆಂದಿಲ್ಲ ಅನ್ನಿಸುವಾಗಲೇ ತೆಗೀಬೇಕು, ಬೆರಳಿಟ್ಟರೆ ತಗ್ಗು ಬೀಳುವಷ್ಟು ಮೆತ್ತಗಿರುತ್ತೆ, ಹೆದರಬೇಡಿ, ಬಿಸಿ ತಟ್ಟೆ ಮೇಲೆ ಐದು ನಿಮಿಷ ಬಿಟ್ಟರೆ ತಾನೇ ಗಟ್ಟಿಯಾಗುತ್ತೆ. ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಹರಡೋದಿಲ್ಲ, ದಪ್ಪ ಉಳಿಯುತ್ತೆ.

ಉತ್ತರ (ಗದಗ):
ಸಕ್ಕರೆನೂ ಬದಲಿಸಿ ರೀ. ಬ್ರೌನ್ ಶುಗರ್‌ನಲ್ಲಿ ಕಾಕಂಬಿ ಇರುತ್ತೆ, ಅದು ತೇವ ಹಿಡಿದಿಡುತ್ತೆ. ಸಿಗದಿದ್ದರೆ ಬೆಲ್ಲದ ಪುಡಿ ಸಾಕು, ನನಗಂತೂ ಕೊಬ್ಬರಿ ಜೊತೆ ಅದೇ ಇಷ್ಟ. ನನ್ನ ಅಳತೆ: ಒಂದು ಕಪ್ ಓಟ್ಸ್, ಮುಕ್ಕಾಲು ಕಪ್ ಮೈದಾ, ಮುಕ್ಕಾಲು ಕಪ್ ಕೊಬ್ಬರಿ ಪುಡಿ, ಮುಕ್ಕಾಲು ಕಪ್ ಬೆಲ್ಲದ ಪುಡಿ, 100 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ದಪ್ಪ ಓಟ್ಸ್ ತಗೊಳ್ಳಿ, ಪುಡಿಯಾಗೋ ಇನ್‌ಸ್ಟಂಟ್ ಬೇಡ.

ಪ್ರಶ್ನೆ ಕೇಳಿದವರು:
ಹಸಿ ಕಾಯಿ ತುರಿ ನಡೆಯುತ್ತಾ? ಮೊಟ್ಟೆ ಮನೆಯಲ್ಲಿ ತರೋದಿಲ್ಲ.

ಉತ್ತರ (ಧಾರವಾಡ):
ಹಸಿ ತುರಿಯಲ್ಲಿ ನೀರು ಜಾಸ್ತಿ, ಬೇಗ ಕೆಡುತ್ತೆ. ಒಣಕೊಬ್ಬರಿನೇ ಸರಿ. ಮೊಟ್ಟೆ ಬದಲು ಮೂರು ಚಮಚ ಹಾಲು ಹಾಕಿ, ಹಿಟ್ಟು ಉಂಡೆ ಕಟ್ಟುವಷ್ಟು ಬಂದರೆ ಸಾಕು. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.