ಡ್ರಾಯರಿನಲ್ಲಿದ್ದ ಸ್ವಿಸ್ ಚಾಕು ಬಿಗಿಯಾಗಿದೆ, ಯಾವ ಎಣ್ಣೆ?

ಪ್ರಶ್ನೆ: ಮೊದಲು ಕೊಂಡ 91 ಮಿ.ಮೀ. ವಿಕ್ಟೋರಿನಾಕ್ಸ್. ಅಲಗು, ಕತ್ತರಿ ಎರಡೂ ಬಿಗಿ. ಕೊಬ್ಬರಿ ಎಣ್ಣೆ ಆಗುತ್ತದೆಯೇ?

ಉತ್ತರ 1: ಬೇಡ ಮಾರಾಯ್ರೆ, ಚಳಿಗೆ ಗಟ್ಟಿಯಾಗುತ್ತದೆ. ಮೊದಲು ಕೊಳೆ ತೆಗೆಯಿರಿ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಚಾಕು ನೀರೊಳಗಿರುವಾಗಲೇ ಒಂದೊಂದೇ ಅಲಗನ್ನು ಹತ್ತಾರು ಸಲ ತೆರೆದು ಮುಚ್ಚಿ. ಬಿಗಿಗೆ ಕಾರಣ ಹೆಚ್ಚಾಗಿ ಸಂದಿಯಲ್ಲಿ ಕೂತ ಜೇಬಿನ ನೂಲು, ತುಕ್ಕಲ್ಲ. ಪೂರ್ತಿ ಒಣಗಿದ ಮೇಲೆ ಕೀಲಿಗೆ ಹೊಲಿಗೆ ಮಷೀನ್ ಎಣ್ಣೆ, ಒಂದೇ ಹನಿ.

ಉತ್ತರ 2: ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಅದರಲ್ಲಿರುವ ಅಸಿಟೋನ್‌ಗೆ ಸೆಲಿಡಾರ್ ಎಂಬ ಪ್ಲಾಸ್ಟಿಕ್ಕಿನ ಹಿಡಿ ಕರಗುತ್ತದೆ. ಕುದಿಯುವ ನೀರೂ ಬೇಡ.

ಉತ್ತರ 3: ಸಾಣೆ ಹಿಡಿಯುವುದಾದರೆ ಪ್ರತಿ ಬದಿಗೆ 15ರಿಂದ 20 ಡಿಗ್ರಿ. ಉಕ್ಕು ಮೆತ್ತಗಿನದು, ಬೇಗ ಹರಿತವಾಗುತ್ತದೆ, ಬೇಗ ಮೊಂಡಾಗುತ್ತದೆ. ಬೀದಿಯ ಸಾಣೆ ಚಕ್ರಕ್ಕೆ ಮಾತ್ರ ಕೊಡಬೇಡಿ. ಅಲಗು ಸವೆದೇ ಹೋಗುತ್ತದೆ.